ತಾಯಿಯ ಮರೆವಿಗೆ ಹಾರ್ಮೋನ್ ಕಾರಣವೇ?

ಪ್ರಶ್ನೆ: ನನ್ನ ತಾಯಿಗೆ 68 ವರ್ಷ. ಮೂಡಿಗೆರೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಆಳುಗಳ ಲೆಕ್ಕವನ್ನು ಬಾಯಲ್ಲೇ ಒಪ್ಪಿಸುತ್ತಿದ್ದವರು ಈಗ ಒಬ್ಬರಿಗೇ ಎರಡು ಸಲ ಬಟವಾಡೆ ಮಾಡುತ್ತಾರೆ, ಕೇಳಿದ್ದನ್ನೇ ಕೇಳುತ್ತಾರೆ. ಮುಟ್ಟು ನಿಂತ ಮೇಲೆ ಹಾರ್ಮೋನ್ ಇಳಿದು ಹೀಗಾಗಿದೆ, ಈಸ್ಟ್ರೋಜೆನ್ ಕೊಡಿಸಿ ಎನ್ನುತ್ತಾರೆ ನೆಂಟರೊಬ್ಬರು. ಕೆಲವು ವರ್ಷಗಳಿಂದ ಥೈರಾಯ್ಡ್ ಮಾತ್ರೆಯನ್ನೂ ನುಂಗುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ವಯಸ್ಸಿನ ಮರೆವು. ಜೀವಮಾನವಿಡೀ ಮಾಡಿದ ಲೆಕ್ಕ ತಪ್ಪುವುದು ಹಾಗಲ್ಲ, ಅದಕ್ಕೆ ತಪಾಸಣೆ ಬೇಕೇ ಬೇಕು.

ಈಸ್ಟ್ರೋಜೆನ್ ಮಾತು ಬಿಟ್ಟುಬಿಡಿ. ಮಿದುಳಿಗೆ ಆ ಹಾರ್ಮೋನಿನ ನಂಟಿರುವುದು ನಿಜ. ಮುಟ್ಟು ನಿಲ್ಲುವ ಆಸುಪಾಸಿನಲ್ಲಿ ಅನೇಕರಿಗೆ ಹೆಸರು, ಮಾತು ತಟ್ಟನೆ ನೆನಪಿಗೆ ಬಾರದಿರುವುದೂ ನಿಜ. ಆದರೆ ಕಡಿಮೆಯಾದದ್ದನ್ನು ತುಂಬಿದರೆ ನೆನಪು ಮರಳುತ್ತದೆ ಎಂಬ ನಂಬಿಕೆ ಪರೀಕ್ಷೆಯಲ್ಲಿ ಸೋತಿದೆ. ಅಮೆರಿಕದಲ್ಲಿ 65 ದಾಟಿದ ಸುಮಾರು 4,500 ಮಹಿಳೆಯರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟಿನ್ (ಅದರ ಜೊತೆಗೆ ಕೊಡುವ ಇನ್ನೊಂದು ಹಾರ್ಮೋನ್) ಪಡೆದ ಗುಂಪಿನಲ್ಲಿ 40 ಮಂದಿಗೆ ಡಿಮೆನ್ಶಿಯಾ, ಅಂದರೆ ನೆನಪು, ಬುದ್ಧಿ ಕುಂದುವ ಕಾಯಿಲೆ, ಬಂತು, ಔಷಧವಿಲ್ಲದ ಹುಸಿ ಮಾತ್ರೆ ಪಡೆದ ಗುಂಪಿನಲ್ಲಿ 21 ಮಂದಿಗೆ. ಐವತ್ತರ ಹರೆಯದಲ್ಲಿ ಮೈ ಬಿಸಿಯೇರುವ ತೊಂದರೆಗೆ ವೈದ್ಯರು ಈ ಚಿಕಿತ್ಸೆ ಕೊಡುವುದು ಬೇರೆ ವಿಷಯ. 68ರಲ್ಲಿ ಮರೆವಿಗೆಂದು ಶುರುಮಾಡುವಂತಿಲ್ಲ. (ಗಂಡಸರಿಗೂ ಇದೇ ಮಾತು: ಟೆಸ್ಟೋಸ್ಟೆರೋನ್ ಜೆಲ್ ಹಚ್ಚಿಸಿ ಒಂದು ವರ್ಷ ನೋಡಿದರೂ ನೆನಪು ಸುಧಾರಿಸಲಿಲ್ಲ.)

ನನ್ನ ಅನುಮಾನ ಥೈರಾಯ್ಡ್ ಮಾತ್ರೆಯ ಮೇಲೆ. ಅದನ್ನು ಅವರು ಯಾವಾಗ ನುಂಗುತ್ತಾರೆ ಎಂದು ನೀವು ಬರೆದಿಲ್ಲ. ನಮ್ಮ ಕಡೆ ಹಾಸಿಗೆಯಿಂದೆದ್ದು ಕಾಫಿ ಕುಡಿಯದೆ ಯಾರೂ ಅಂಗಳಕ್ಕೆ ಇಳಿಯುವುದಿಲ್ಲ, ಎಷ್ಟೋ ಮನೆಗಳಲ್ಲಿ ಮಾತ್ರೆಯೂ ಆ ಲೋಟದ ಜೊತೆಗೇ ಒಳಗೆ ಹೋಗುತ್ತದೆ. ಕಾಫಿಯು ಆ ಮಾತ್ರೆಯಲ್ಲಿರುವ ಥೈರಾಕ್ಸಿನ್ ಹಾರ್ಮೋನ್ ರಕ್ತಕ್ಕೆ ಸೇರುವುದನ್ನು ತಡೆಯುತ್ತದೆ. ಬರಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಕಾಫಿಗೆ ಅರ್ಧದಿಂದ ಒಂದು ಗಂಟೆ ಕಾಯಲಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರವಿರಲಿ. ಥೈರಾಯ್ಡ್ ತೀರಾ ಕುಗ್ಗಿದರೆ ಯೋಚನೆ ಮಂದವಾಗುತ್ತದೆ, ಚಳಿ ತಡೆಯದು, ಮಲಬದ್ಧತೆ, ಮುಖದ ಊತ ಕಾಣಿಸುತ್ತದೆ. ಮಾತ್ರೆ ಹೆಚ್ಚಾದರೂ ಒಳ್ಳೆಯದಲ್ಲ: ಎದೆ ಬಡಿತ ಏರುಪೇರಾಗುತ್ತದೆ, ಮೂಳೆ ಸವೆಯುತ್ತದೆ. ಹಾಗಾಗಿ ನೀವೇ ಡೋಸ್ ಬದಲಿಸಬೇಡಿ.

ಟಿಎಸ್‌ಎಚ್ (ಥೈರಾಯ್ಡ್ ಸರಿಯಿದೆಯೇ ಎಂದು ತೋರಿಸುವ ರಕ್ತಪರೀಕ್ಷೆ), ವಿಟಮಿನ್ ಬಿ12, ಸಕ್ಕರೆ, ಸೋಡಿಯಂ, ರಕ್ತಹೀನತೆಯ ಪರೀಕ್ಷೆ ಮಾಡಿಸಿ. ಸಾವಿರಾರು ರೂಪಾಯಿಯ ಹಾರ್ಮೋನ್ ಪರೀಕ್ಷೆಗಳ ಪ್ಯಾಕೇಜ್ ಬೇಡ. ಬಟವಾಡೆ ಪುಸ್ತಕವನ್ನೂ ಅವರು ನುಂಗುವ ಎಲ್ಲ ಮಾತ್ರೆಗಳನ್ನೂ ವೈದ್ಯರ ಬಳಿಗೆ ಒಯ್ಯಿರಿ. ಹಳೆಯ ಮತ್ತು ಈಚಿನ ಪುಟಗಳನ್ನು ಹೋಲಿಸಿದರೆ ಬದಲಾವಣೆ ಯಾವಾಗ ಶುರುವಾಯಿತೆಂದು ತಿಳಿಯುತ್ತದೆ. ಕಿವಿ ಕೇಳಿಸುತ್ತದೆಯೇ, ಮನಸ್ಸು ಕುಗ್ಗಿದೆಯೇ ಎಂಬುದನ್ನೂ ಹೇಳಿ.

ಡೋಸ್ ಬದಲಾದರೆ ಆರರಿಂದ ಎಂಟು ವಾರಕ್ಕೆ ಟಿಎಸ್‌ಎಚ್ ಮತ್ತೆ ನೋಡಬೇಕು. ಅದು ಮೊದಲೇ ಸರಿಯಿದ್ದರೆ, ಅಥವಾ ಸರಿಹೋದ ಮೇಲೂ ಮರೆವು ಹಾಗೇ ಉಳಿದರೆ, ಹಾಸನಕ್ಕೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೋಗಿ ನರರೋಗ ತಜ್ಞರಿಗೆ ತೋರಿಸಿ. ದಿನ ಬೆಳಗಾಗುವುದರೊಳಗೆ ಗೊಂದಲ ಹೆಚ್ಚಿದರೆ, ಮಾತು ತೊದಲಿದರೆ ಮಾತ್ರ ಯಾವ ವರದಿಗೂ ಕಾಯದೆ ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ.