ಅಡಿಕೆಗೆ ಮದ್ದು ಬಿಡೋ ಡ್ರೋನೂ ಯುದ್ಧದ ಡ್ರೋನೂ ಒಂದೇನಾ?

ಪ್ರಶ್ನೆ: ಕಾರ್ಕಳದ ಹತ್ರ ನಮ್ದು ಎರಡು ಎಕ್ರೆ ಅಡಿಕೆ ತೋಟ. ಮದ್ದು ಬಿಡ್ಲಿಕ್ಕೆ ಜನ ಸಿಗುದಿಲ್ಲ, ಮಗ ಡ್ರೋನ್ ತೆಗೊಳ್ಳುವ ಅಂತಿದ್ದಾನೆ. ಟೀವಿಯಲ್ಲಿ ನೋಡಿದ್ರೆ ಯುದ್ಧದಲ್ಲೂ ಡ್ರೋನೇ. ಮುಂದೆ ಇದೆಲ್ಲ ಎಂತ ಆಗ್ತದೆ, ಈಗ ತೆಗೊಳ್ಬಹುದಾ?

ಉತ್ತರ: ಬರೀ ಅಡಿಕೆಗೆ ಅಂತಾದ್ರೆ ಈಗ ಬೇಡ. ಗದ್ದೆಗೆ ಡ್ರೋನ್ ಚೆಂದ ಕೆಲಸ ಮಾಡ್ತದೆ, ನಮೋ ಡ್ರೋನ್ ದೀದಿ ಅಂತ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ 2023ರಲ್ಲಿ ಮಾಡಿತ್ತು. ಅಡಿಕೆಯ ಕಥೆ ಬೇರೆ. ಡ್ರೋನ್ ಮೇಲಿಂದ ಬಿಡ್ತದೆ, ಗೊನೆ ಇರುದು ಸೋಗೆಯ ಅಡಿಯಲ್ಲಿ, ಕೊಳೆರೋಗ ಬರುದು ಆ ಗೊನೆಗೆ, ಅದು ಪೂರ್ತಿ ಒದ್ದೆ ಆಗದಿದ್ರೆ ಬೋರ್ಡೋ (ಮೈಲುತುತ್ತು, ಸುಣ್ಣ ಸೇರಿಸಿದ ಮದ್ದು) ಬಿಟ್ಟೂ ಪ್ರಯೋಜನ ಇಲ್ಲ, ಸಾಲದ್ದಕ್ಕೆ ಸುಣ್ಣದ ಕಸ ಡ್ರೋನಿನ ಸಣ್ಣ ನಾಝಲಲ್ಲಿ ಕಟ್ಟಿಕೊಳ್ತದೆ. ಸದ್ಯಕ್ಕೆ ಕಾರ್ಬನ್ ಫೈಬರ್ ದೋಟಿಯೇ (ಹಗುರದ ಉದ್ದ ಕೋಲು) ವಾಸಿ, ನೆಲದಲ್ಲಿ ನಿಂತು ಗೊನೆಗೇ ಗುರಿ ಇಟ್ಟು ಬಿಡ್ಬಹುದು.

ಹಾಗಾದ್ರೆ ಡ್ರೋನು ಸೋಗೆಯ ಅಡಿಗೇ ನುಗ್ಗಿ ಹೋಗ್ಬೇಕು ಅಲ್ವಾ? ಕಷ್ಟ ಇರುದೇ ಅಲ್ಲಿ. ಮರಗಳ ಎಡೆಯಲ್ಲಿ ಜಿಪಿಎಸ್ ಸರಿ ಸಿಗುದಿಲ್ಲ, ಕ್ಯಾಮರಾ ನೋಡ್ಕೊಂಡೇ ದಾರಿ ಹುಡುಕ್ಬೇಕು. ಯುದ್ಧದಲ್ಲೂ ಇದೇ ತಾಪತ್ರಯ. ಉಕ್ರೇನಿನಲ್ಲಿ ಎರಡೂ ಕಡೆಯವರು ಜಾಮರ್ ಹಾಕಿ ಸಿಗ್ನಲ್ ಕಡಿದು ಹಾಕಿದ್ರು, ಅದಕ್ಕೆ 2024ರಿಂದ ಕೆಲವು ಡ್ರೋನಿಗೆ ಸಿಗ್ನಲ್ ಹೋಗ್ಲಿಕ್ಕೆ ಕಿಲೋಮೀಟರ್‌ಗಟ್ಲೆ ಉದ್ದದ ಫೈಬರ್ ಕೇಬಲ್ ಕಟ್ಟಿಯೇ ಬಿಟ್ರು, ಇನ್ನು ಕೆಲವು ಕ್ಯಾಮರಾದಲ್ಲೇ ಗುರಿ ಹಿಡಿದು ಸ್ವಂತ ಹೋಗುವ ಹಾಗೆ ಮಾಡಿದ್ರು. ಜಿಪಿಎಸ್ ಇಲ್ಲದೆ ಹಾರುವ ಈ ವಿದ್ಯೆ ಅಗ್ಗ ಆದ ದಿನ ನಿಮ್ಮ ತೋಟಕ್ಕೂ ಬರ್ತದೆ ಅಂತ ನನ್ನ ನಂಬಿಕೆ.

ಆದ್ರೆ ಹೆದರಿಕೆಯೂ ಅಲ್ಲೇ ಉಂಟು, ಅದನ್ನು ಮುಚ್ಚಿಡುದಿಲ್ಲ. ಹತ್ತಾರು ಸಾವಿರ ರೂಪಾಯಿಯ ಡ್ರೋನು ಕೋಟಿಗಟ್ಲೆ ಬೆಲೆಯ ಟ್ಯಾಂಕನ್ನು ಸುಡ್ತದೆ, 2021ರ ಜೂನಿನಲ್ಲಿ ಜಮ್ಮುವಿನ ವಾಯುಪಡೆ ನೆಲೆಗೆ ಡ್ರೋನಿಂದ ಬಾಂಬ್ ಬಿತ್ತು, 2025ರ ಮೇಯಲ್ಲಿ ಪಾಕಿಸ್ತಾನದ ಕಡೆಯಿಂದ ಒಂದೇ ರಾತ್ರಿ 300-400 ಡ್ರೋನ್ ಬಂತು ಅಂತ ನಮ್ಮ ಸರ್ಕಾರವೇ ಹೇಳ್ತು. ಯಾರನ್ನು ಹೊಡೀಬೇಕು ಅಂತ ಮಷೀನೇ ತೀರ್ಮಾನ ಮಾಡುವ ಕಾಲ ಬಂದ್ರೆ ಅದು ತುಂಬಾ ಕೆಟ್ಟದು, ಮನುಷ್ಯನ ಒಪ್ಪಿಗೆ ಇಲ್ಲದೆ ಹೊಡೆಯಬಾರದು ಅಂತ ಕಾನೂನು ಬರ್ಲೇಬೇಕು.

ರಕ್ತ, ಔಷಧಿ ಸಾಗಿಸುದಕ್ಕೆ ಮಾತ್ರ ಎರಡು ಮಾತಿಲ್ಲ. ರುವಾಂಡಾದಲ್ಲಿ 2016ರಿಂದಲೇ ಆಸ್ಪತ್ರೆಗೆ ರಕ್ತ ಡ್ರೋನಲ್ಲಿ ಹೋಗ್ತದೆ. ಮಳೆಗೆ ಘಾಟಿ ಬಂದ್ ಆಗುವ ನಮ್ಮ ಊರುಗಳಿಗೂ ಇದು ಬೇಕೇ ಬೇಕು.

ಮಗನಿಗೆ ಅಷ್ಟು ಆಸೆ ಇದ್ರೆ ಮೊದಲು ಪೈಲಟ್ ಟ್ರೈನಿಂಗ್ ಮಾಡಿಸಿ, ಹತ್ತನೇ ಕ್ಲಾಸ್ ಪಾಸಾಗಿ 18 ವರ್ಷ ತುಂಬಿದ್ರೆ ಆಯ್ತು. ಮದ್ದು ಬಿಡುವ ಡ್ರೋನಿಗೆ ಆ ಸರ್ಟಿಫಿಕೇಟ್ ಬೇಕೇ ಬೇಕು, ಗ್ರೀನ್ ಝೋನಲ್ಲಾದ್ರೆ (ಸರ್ಕಾರದ ಮ್ಯಾಪಲ್ಲಿ ಹಸಿರು ಬಣ್ಣ ಇರುವ ಜಾಗ) 400 ಅಡಿವರೆಗೆ ಪರ್ಮಿಷನ್ ಇಲ್ಲದೆ ಹಾರಿಸ್ಬಹುದು, ಮಂಗಳೂರಿನ ಬಜ್ಪೆ ಏರ್‌ಪೋರ್ಟ್ ಹತ್ರ ಹಾಗಲ್ಲ, ಸರ್ಕಾರದ ಆ ಡಿಜಿಟಲ್ ಸ್ಕೈ ಮ್ಯಾಪ್ ನೋಡ್ಕೊಂಡೇ ಮೇಲೆತ್ಬೇಕು.