ಮೊದಲು ತೂತು ಮುಚ್ಚಿ, ಆಮೇಲೆ ಬೋನು ಇಡಿ

ಪರ್ಕಳದ ಓದುಗರೊಬ್ಬರು ಬರೆದಿದ್ದಾರೆ: "ನಮ್ಮದು ಹಳೆಯ ಹಂಚಿನ ಮನೆ. ಮಳೆ ಹಿಡಿದ ಮೇಲೆ ಇಲಿ ಕಾಟ ಜಾಸ್ತಿಯಾಗಿದೆ. ಕುಚ್ಚಲಕ್ಕಿ ಗೋಣಿ, ಹಲಸಿನ ಹಪ್ಪಳ ಯಾವುದನ್ನೂ ಬಿಡುತ್ತಿಲ್ಲ. ಬೆಕ್ಕಿದೆ, ಪ್ರಯೋಜನವಿಲ್ಲ. ಪಾಷಾಣ ಇಡೋಣವೆಂದರೆ ಅತ್ತೆಯವರು 'ಗಣಪತಿಯ ವಾಹನ, ಕೊಲ್ಲಬೇಡಿ' ಎನ್ನುತ್ತಾರೆ. ಏನು ಮಾಡಲಿ?"

ಪಾಷಾಣದ ವಿಷಯದಲ್ಲಿ ನಾನು ನಿಮ್ಮ ಅತ್ತೆಯವರ ಕಡೆ. ಕಾರಣ ಮಾತ್ರ ಬೇರೆ.

ಅಂಗಡಿಯಲ್ಲಿ ಸಿಗುವ ಇಲಿ ಕೇಕ್‌ನಲ್ಲಿ ಸಾಮಾನ್ಯವಾಗಿ ಬ್ರೋಮಾಡಿಯೋಲೋನ್ ಇರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ ಅದು. ತಿಂದ ಇಲಿ ಕೂಡಲೇ ಸಾಯುವುದಿಲ್ಲ, ಕೆಲವು ದಿನ ಓಡಾಡಿಕೊಂಡೇ ಇರುತ್ತದೆ. ಕೊನೆಗೆ ಎಲ್ಲಿ ಸಾಯುತ್ತದೆ ಎಂಬುದು ಅದರ ಇಷ್ಟ. ಮುಚ್ಚಿಗೆಯ ಮೇಲೋ ಪಕ್ಕಾಸಿನ ಸಂದಿಯಲ್ಲೋ ಸತ್ತಿತು ಅಂತ ಇಟ್ಟುಕೊಳ್ಳಿ. ಹೊರಗೆ ಧೋ ಎಂದು ಮಳೆ, ಕಿಟಕಿ ತೆರೆಯುವ ಹಾಗಿಲ್ಲ, ಒಳಗೆ ಆ ನಾತ. ಹಂಚು ತೆಗೆದು ಹುಡುಕೋಣ ಎಂದರೆ ಆಟಿ ತಿಂಗಳಲ್ಲಿ ಮಾಡಿಗೆ ಯಾರು ಹತ್ತುತ್ತಾರೆ? ವಿಷ ತಿಂದು ಮಂಕಾದ ಇಲಿ ಬೆಕ್ಕಿಗೆ ಸುಲಭವಾಗಿ ಸಿಗುತ್ತದೆ, ಬೆಕ್ಕಿನ ಹೊಟ್ಟೆಗೂ ವಿಷ ಹೋಗುತ್ತದೆ. ಹಳದಿ ರಂಜಕದ ಪೇಸ್ಟನ್ನಂತೂ ಮನೆಗೆ ತರಲೇಬೇಡಿ. ಮಕ್ಕಳ ಬಾಯಿಗೆ ಹೋದರೆ ಲಿವರ್ ಕೆಡುತ್ತದೆ. ಕೇಕ್‌ನ ವಿಷಕ್ಕೆ ವಿಟಮಿನ್ ಕೆ ಆದರೂ ಇದೆ, ಇದಕ್ಕೆ ಪ್ರತಿವಿಷವೇ ಇಲ್ಲ.

ಬೆಕ್ಕಿನ ಮೇಲೆ ಸಿಟ್ಟಾಗಬೇಡಿ. ದಿನಾ ಬಂಗುಡೆ ತಲೆ ಸಿಗುವ ಮನೆಯಲ್ಲಿ ಅದು ಇಲಿಯ ಹಿಂದೆ ಯಾಕೆ ಓಡಬೇಕು?

ಈಗ ಟಾರ್ಚ್ ಹಿಡಿದು ಹಿಕ್ಕೆ ನೋಡಿ. ಅಕ್ಕಿಕಾಳಿನಷ್ಟಿದ್ದರೆ ಚಿಟ್ಟಿಲಿ. ಅರ್ಧ ಇಂಚಿನಷ್ಟಿದ್ದರೆ ದೊಡ್ಡ ಇಲಿ. ತೆಂಗಿನ ಮರ ಹತ್ತಿ ಬೊಂಡ ಕೊರೆಯುವುದು ಈ ದೊಡ್ಡದರ ಕೆಲಸ. ಅದು ಹೆಚ್ಚಾಗಿ ಮಾಡಿನಿಂದ ಇಳಿಯುತ್ತದೆ. ಹಾಗಾಗಿ ಹಂಚಿಗೆ ತಾಗುವ ಮಾವಿನ ಗೆಲ್ಲು, ತೆಂಗಿನ ಮಡಲು ಕಡಿಸಿ. ಒಡೆದ ಹಂಚು ಬದಲಿಸಿ.

ಚಿಟ್ಟಿಲಿಗೆ ಪೆನ್ಸಿಲ್ ತೂರುವಷ್ಟು, ಅಂದರೆ ಸುಮಾರು 6 ಮಿಲಿಮೀಟರ್ ಸಂದಿ ಸಾಕು. ತಲೆ ಹೋದಲ್ಲಿ ಮೈಯೂ ಹೋಗುತ್ತದೆ. ಗ್ಯಾಸ್ ಪೈಪ್ ಗೋಡೆ ದಾಟುವ ಜಾಗ, ಬಚ್ಚಲಿನ ನೀರು ಹೋಗುವ ತೂತು, ಹಿಂಬಾಗಿಲಿನ ಅಡಿ, ಈ ಮೂರನ್ನು ಮೊದಲು ನೋಡಿ. ರಾತ್ರಿ ಒಳಗೆ ದೀಪ ಹಾಕಿ ಹೊರಗೆ ನಿಂತರೆ ಬೆಳಕು ಸೋರುವ ಸಂದಿಗಳೆಲ್ಲ ಕಾಣುತ್ತವೆ. ಹಳೇ ಬಟ್ಟೆ ತುರುಕಿದರೆ ಗೂಡಿಗೆ ಮೆತ್ತೆ ಕೊಟ್ಟ ಹಾಗೆ. ಪಾತ್ರೆ ತಿಕ್ಕುವ ಸ್ಟೀಲ್ ಸ್ಕ್ರಬ್ಬರ್ ತುಂಬಿ ಮೇಲೆ ಸಿಮೆಂಟ್ ಮೆತ್ತಿ. ಅಕ್ಕಿ ಸ್ಟೀಲ್ ಡ್ರಮ್‌ಗೆ ಹೋಗಲಿ. ಇಲಿಯ ಹಲ್ಲು ಬದುಕಿರುವಷ್ಟು ಕಾಲ ಬೆಳೆಯುತ್ತಲೇ ಇರುತ್ತದೆ, ಕಚ್ಚಿ ಸವೆಸದೆ ಅದಕ್ಕೆ ಗತಿಯಿಲ್ಲ. ಪ್ಲಾಸ್ಟಿಕ್ ಡಬ್ಬಿ ಅದರೆದುರು ಏನೂ ಅಲ್ಲ. ಬಚ್ಚಲ ಒಲೆಯ ಹತ್ತಿರ ರಾಶಿ ಹಾಕಿದ ತೆಂಗಿನ ಸಿಪ್ಪೆಯನ್ನೂ ಒಮ್ಮೆ ಎಳೆದು ನೋಡಿ, ಗೂಡು ಅಲ್ಲೇ ಇದ್ದರೂ ಇರಬಹುದು.

ತಡ ಮಾಡಬೇಡಿ. ಚಿಟ್ಟಿಲಿ ಗಬ್ಬವಾದ ಮೂರು ವಾರಕ್ಕೆ ಐದಾರು ಮರಿ ಹಾಕುತ್ತದೆ. ಆ ಮರಿಗಳು ಒಂದೂವರೆ ತಿಂಗಳಲ್ಲಿ ತಾವೇ ಸಂಸಾರ ಹೂಡುತ್ತವೆ. ಜೂನ್‌ನಲ್ಲಿ ಒಳಗೆ ಬಂದದ್ದು ಒಂದೇ ಜೋಡಿಯಾದರೂ ಚೌತಿಯ ಹೊತ್ತಿಗೆ ಗಣಪತಿಗೆ ವಾಹನಗಳ ಸಾಲೇ ನಿಂತಿರುತ್ತದೆ. ಇದನ್ನು ಅತ್ತೆಯವರಿಗೂ ಹೇಳಿ!

ಒಳಗೆ ಉಳಿದವುಗಳಿಗೆ ಬೋನು. ನಡುಮನೆಯಲ್ಲಿ ಇಟ್ಟರೆ ಬೀಳುವುದಿಲ್ಲ. ಇಲಿ ಗೋಡೆ ಸವರಿಕೊಂಡೇ ಓಡುತ್ತದೆ, ಬೋನೂ ಗೋಡೆಗೆ ತಾಗಿಯೇ ಇರಲಿ. ಒಣಮೀನು ಅಥವಾ ಸುಟ್ಟ ಕೊಬ್ಬರಿ ಚೂರನ್ನು ನೂಲಿನಲ್ಲಿ ಕಟ್ಟಿ, ಇಲ್ಲದಿದ್ದರೆ ಎಗರಿಸಿಕೊಂಡು ಹೋಗುತ್ತದೆ. ದೊಡ್ಡ ಇಲಿಗೆ ಹೊಸ ವಸ್ತು ಕಂಡರೆ ಅನುಮಾನ. ಎರಡು ಮೂರು ರಾತ್ರಿ ಬೋನಿನ ಬಾಗಿಲು ತೆರೆದೇ ಇಟ್ಟು ಸುಮ್ನೆ ತಿನ್ನಲು ಬಿಡಿ, ಆಮೇಲೆ ಕೀಲು ಎಳೆಯಿರಿ. ಸಿಕ್ಕಿದ್ದನ್ನು ಪಕ್ಕದ ತೋಟಕ್ಕೆ ಬಿಟ್ಟರೆ ನಿಮಗಿಂತ ಮೊದಲು ಮನೆ ಸೇರೀತು. ಅಂಟಿನ ಹಲಗೆ ನನಗೆ ಹಿಡಿಸುವುದಿಲ್ಲ. ಅಂಟಿಕೊಂಡ ಜೀವ ಗಂಟೆಗಟ್ಟಲೆ ಒದ್ದಾಡುತ್ತದೆ, ಹಲ್ಲಿಗಳೂ ಅದರಲ್ಲೇ ಸಿಕ್ಕಿ ಸಾಯುತ್ತವೆ.

ಹಿಕ್ಕೆಯನ್ನು ಒಣಗಿದ್ದ ಹಾಗೇ ಹಿಡಿಸೂಡಿಯಲ್ಲಿ ಗುಡಿಸಬೇಡಿ, ಧೂಳು ಮೂಗಿಗೆ ಬರುತ್ತದೆ. ಬ್ಲೀಚಿಂಗ್ ಪೌಡರ್ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು, ಕೈಗವಸು ಹಾಕಿ ಒರೆಸಿ. ನಮ್ಮ ಕರಾವಳಿಯಲ್ಲಿ ಮಳೆಗಾಲದ ಇಲಿಜ್ವರ ಹೊಸದಲ್ಲ ಅಲ್ವಾ? ಇಲಿಯ ಮೂತ್ರ ಬೆರೆತ ನೀರು, ಕೆಸರು ಕಾಲಿನ ಗಾಯಕ್ಕೆ ತಾಗಿದರೆ ಸಾಕು. ಜ್ವರದ ಜೊತೆ ಮೀನಖಂಡ ನೋವು, ಕಣ್ಣು ಕೆಂಪು ಕಂಡರೆ ಮನೆಯಲ್ಲೇ ಮಾತ್ರೆ ನುಂಗಿಕೊಂಡು ಕೂರಬೇಡಿ. ಡಾಕ್ಟರ ಹತ್ತಿರ ಹೋಗಿ, ಮನೆಯಲ್ಲಿ ಇಲಿ ಇರುವುದನ್ನೂ ಹೇಳಿ.

ಇನ್ನೊಂದು. ಉದ್ದ ಮೂತಿಯ, ಚಿಕ್ ಚಿಕ್ ಎನ್ನುವ, ಕೆಟ್ಟ ವಾಸನೆಯ ಪ್ರಾಣಿ ಬೋನಿಗೆ ಬಿದ್ದರೆ ಅದು ಸೊಂಡಿಲಿ. ಇಲಿಯ ಜಾತಿಯೇ ಅಲ್ಲ. ಅದರ ಊಟ ಹೆಚ್ಚಾಗಿ ಜಿರಳೆ, ಹುಳಹುಪ್ಪಟೆ. ಅದನ್ನು ನಿಮ್ಮ ಅಂಗಳದಲ್ಲೇ ಬಿಟ್ಟುಬಿಡಿ.

– ಸಂ.