ಎರೆ ಮಣ್ಣಿನ ಮೇಲೆ ಹಾಕಿದ ಕಾಂಕ್ರೀಟ್ ಕಾಲುದಾರಿ ಬಿರಿದಿದೆ, ಅದರ ಮೇಲೆ ಇನ್ನೊಂದು ಪದರ ಹಾಕಬಹುದೇ?

ಹಾಕಬೇಡಿ. ಹಳೆಯದನ್ನು ಒಡೆದು 6 ಇಂಚು ದಪ್ಪಕ್ಕೆ, ಹೆಚ್ಚು ಸಿಮೆಂಟ್ ಸೇರಿಸಿ ಹೊಸದಾಗಿ ಹಾಕುವ ನಿಮ್ಮ ಎರಡನೆಯ ವಿಚಾರವನ್ನೂ ಸದ್ಯಕ್ಕೆ ಬದಿಗಿಡಿ. ಗೇಟಿನಿಂದ ಮೆಟ್ಟಿಲವರೆಗಿನ 40 ಅಡಿ ಉದ್ದ, 4 ಅಡಿ ಅಗಲದ ದಾರಿ ಎರಡೇ ವರ್ಷದಲ್ಲಿ ನಡುವೆ ಉದ್ದಕ್ಕೆ ಸೀಳಿದೆ, ಒಂದು ಮಗ್ಗುಲು ಎದ್ದು ನಿಂತಿದೆ ಎಂದು ಬರೆದಿದ್ದೀರಿ. ಎದ್ದಿರುವ ಆ ಮಗ್ಗುಲಿಗೇ ಮಲ್ಲಿಗೆ ಮತ್ತು ಕರಿಬೇವಿನ ಪಾತಿ ಇದೆ ಎಂಬ ಮಾತನ್ನು ಕೊನೆಯಲ್ಲಿ ಹಾಗೆಯೇ ಸೇರಿಸಿದ್ದೀರಿ. ನನಗೆ ನಿಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಆ ಕೊನೆಯ ಮಾತೇ.

ನಾನು ವಿಜಯಪುರ ಜಿಲ್ಲೆಯಲ್ಲಿ ಮನೆಗಳ ಅಂಗಳ, ಕಾಲುದಾರಿ, ಕಂಪೌಂಡ್ ಕೆಲಸಗಳನ್ನು ಗುತ್ತಿಗೆ ಹಿಡಿದು ಮಾಡಿಸುತ್ತೇನೆ. ಕೆಲಸ ಕಲಿತದ್ದು ವಿಜಯಪುರ ಪಟ್ಟಣದಲ್ಲಿ. ಅಲ್ಲಿ ಎಷ್ಟೋ ಕಡೆ ಎರಡು ಮೂರು ಅಡಿ ಅಗೆದರೆ ಹಾರೆಗೆ ಕರಿಕಲ್ಲು ತಾಕುತ್ತದೆ, ಅದರ ಮೇಲೆ ಏನು ಹಾಕಿದರೂ ಕದಲುವುದಿಲ್ಲ. ಬಸವನ ಬಾಗೇವಾಡಿ ಕಡೆಯ ಒಂದು ಊರಿನಲ್ಲಿ ನಿವೃತ್ತ ಶಿಕ್ಷಕರೊಬ್ಬರ ಹೊಸ ಮನೆಗೆ ದಾರಿ ಹಾಕುವ ಕೆಲಸ ಬಂದಾಗ ನಾನು ಅದೇ ಅಭ್ಯಾಸವನ್ನು ಅಲ್ಲಿಗೂ ಒಯ್ದೆ. ಆ ಮನೆ ಮೊದಲು ಜೋಳ ಬೆಳೆಯುತ್ತಿದ್ದ ಹೊಲದ ಮೇಲೆ ಕಟ್ಟಿದ್ದು, ಕೆಳಗೆ ಆಳದವರೆಗೂ ಅಚ್ಚ ಎರೆ. ನಾವು ಅಗೆದದ್ದು ಮೇ ತಿಂಗಳಲ್ಲಿ. ಆಗ ನೆಲ ಕೈ ತೂರುವಷ್ಟು ಅಗಲವಾಗಿ ಬಿರಿದಿತ್ತು. ಒಣಗಿದ ಹೆಂಟೆಗಳನ್ನು ಒಡೆಸಿ, ಹರಡಿಸಿ, ದಿಮ್ಮಸದಿಂದ ಗಟ್ಟಿಯಾಗಿ ಬಡಿಸಿದೆ. ಅದರ ಮೇಲೆ ಅರ್ಧ ಅಡಿ ಒಳ್ಳೆಯ ಹೊಳೆ ಉಸುಕು ತುಂಬಿಸಿ, ಉಸುಕು ಕೂಡಲೆಂದು ನೀರು ಬಿಡಿಸಿ, ಆಮೇಲೆ 4 ಇಂಚು ದಪ್ಪಕ್ಕೆ ಒಂದು ಪಾಲು ಸಿಮೆಂಟ್, ಒಂದೂವರೆ ಪಾಲು ಉಸುಕು, ಮೂರು ಪಾಲು ಜಲ್ಲಿಕಡಿಯ ಎಂ20 ದರ್ಜೆಯ ಕಾಂಕ್ರೀಟ್ ಹಾಕಿಸಿದೆ. ಕಾಂಕ್ರೀಟಿನಲ್ಲಿ ಯಾವ ಕೊರತೆಯೂ ಇರಲಿಲ್ಲ ಎಂದು ಇಂದಿಗೂ ಹೇಳಬಲ್ಲೆ.

ನಮ್ಮ ಭಾಗದಲ್ಲಿ ದೊಡ್ಡ ಮಳೆ ಬರುವುದು ಹೆಚ್ಚಾಗಿ ಸೆಪ್ಟೆಂಬರಿನಲ್ಲಿ. ಆ ಮಳೆ ಮುಗಿಯುವಷ್ಟರಲ್ಲಿ ಅವರ ಮನೆಯ ಕಬ್ಬಿಣದ ಗೇಟು ತೆರೆಯದಂತಾಗಿತ್ತು. ಗೇಟಿನ ಕೆಳಪಟ್ಟಿ ಕಾಂಕ್ರೀಟನ್ನು ಉಜ್ಜಿ ಉಜ್ಜಿ ಅರ್ಧಚಂದ್ರದ ಆಕಾರದ ಬಿಳಿ ಗೀರು ಬಿದ್ದಿತ್ತು. ಗೀರು ಒಂದು ಕಡೆ ತೆಳ್ಳಗಿದ್ದು, ದಾರಿಯ ಅಂಚಿನತ್ತ ಹೋದಂತೆ ಆಳವಾಗಿತ್ತು. ನೆಲ ಎಲ್ಲಿ ಎಷ್ಟು ಎದ್ದಿದೆ ಎಂಬುದನ್ನು ಆ ಗೀರೇ ತೋರಿಸುತ್ತಿತ್ತು. ದಾರಿ ನಡುವೆ ಉದ್ದಕ್ಕೆ ಸೀಳಿತ್ತು, ನಿಮ್ಮ ದಾರಿ ಸೀಳಿದಂತೆಯೇ.

ಸಿಮೆಂಟ್ ಸರಿಯಿರಲಿಲ್ಲವೆಂದು ಓಣಿಯ ಜನ ಹೇಳಿದರು, ಗೌಂಡಿ ಕ್ಯೂರಿಂಗ್ ಮಾಡಲಿಲ್ಲವೆಂದು, ಅಂದರೆ ಹಾಕಿದ ಕಾಂಕ್ರೀಟನ್ನು ಕೆಲವು ದಿನ ಹಸಿಯಾಗಿಡಲಿಲ್ಲವೆಂದು ಮನೆಯವರು ಹೇಳಿದರು. ನಾನೂ ಮೊದಲು ಕಾಂಕ್ರೀಟಿನಲ್ಲೇ ದೋಷ ಹುಡುಕಿದೆ. ಸೀಳಿದ ಭಾಗವನ್ನು ಒಡೆದು ಎತ್ತಿಸಿದಾಗ ಕಾರಣ ಕಣ್ಣಿಗೆ ಬಿತ್ತು. ಮಳೆ ನಿಂತು ವಾರಗಳೇ ಕಳೆದು ಅಂಗಳದ ಮೇಲ್ಮೈ ಒಣಗಿದ್ದರೂ, ಕಾಂಕ್ರೀಟಿನ ಕೆಳಗಿನ ಉಸುಕನ್ನು ಹಿಡಿಯಲ್ಲಿ ಹಿಂಡಿದರೆ ನೀರು ಇಳಿಯುತ್ತಿತ್ತು. ಅದರ ಕೆಳಗಿನ ಎರೆ ಮಣ್ಣು ಬೂದುಗಪ್ಪಾಗಿ, ಮೆತ್ತಗಾಗಿ, ಹಾರೆಯ ತುದಿಗೆ ಅಂಟಿಕೊಂಡು ಬಿಡುತ್ತಿರಲಿಲ್ಲ.

ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಎರೆ ನೆಲಕ್ಕೆ ಉಸುಕು ತುಂಬಿದರೆ ಸಾಕು ಎಂಬ ಮಾತನ್ನು ನಮ್ಮಲ್ಲಿ ಈಗಲೂ ಅನುಭವಿ ಗೌಂಡಿಗಳೇ ಹೇಳುತ್ತಾರೆ. ಉಸುಕಿನ ಕಣಗಳ ನಡುವೆ ಖಾಲಿ ಜಾಗ ಬಹಳ. ದಾರಿಯ ಅಂಚಿನಿಂದ ಒಳಗೆ ಸೇರಿದ ನೀರು ಆ ಜಾಗದಲ್ಲಿ ಸಲೀಸಾಗಿ ಹರಡುತ್ತದೆ, ಆದರೆ ಕೆಳಗಿರುವ ಎರೆ ಒಮ್ಮೆ ಉಬ್ಬಿದ ಮೇಲೆ ನೀರನ್ನು ಬೇಗ ಕೆಳಕ್ಕೆ ಬಿಡುವುದಿಲ್ಲ. ನಾನು ಅಗೆಸಿದ ಗುಂಡಿ ಹೀಗೆ ಒಂದು ತೊಟ್ಟಿಯಾಯಿತು. ಮಳೆ ಬಂದಾಗಲೆಲ್ಲ ತುಂಬಿಕೊಂಡು, ಮಳೆ ಹೋದ ಮೇಲೂ ಎರೆಗೆ ನಿಧಾನವಾಗಿ ನೀರು ಉಣಿಸುತ್ತಿತ್ತು. ಉಸುಕೇ ಇಲ್ಲದಿದ್ದರೆ ಅಷ್ಟು ನೀರು ಅಷ್ಟು ದಿನ ಅಲ್ಲಿ ನಿಲ್ಲುತ್ತಲೇ ಇರಲಿಲ್ಲ. ಎರಡನೆಯದಾಗಿ, ಎರೆಯಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜವು ತನ್ನ ಪದರಗಳ ನಡುವೆ ನೀರನ್ನು ಎಳೆದುಕೊಂಡು ಉಬ್ಬುತ್ತದೆ. ಮಣ್ಣು ಎಷ್ಟು ಒಣಗಿರುತ್ತದೆಯೋ, ಎಷ್ಟು ಒತ್ತಾಗಿ ಕುಟ್ಟಲ್ಪಟ್ಟಿರುತ್ತದೆಯೋ, ನೀರು ತಾಗಿದಾಗ ಅಷ್ಟು ಹೆಚ್ಚು ಉಬ್ಬುತ್ತದೆ. ಬೇರೆ ಮಣ್ಣಿಗೆ ಗಟ್ಟಿಯಾಗಿ ದಿಮ್ಮಸ ಹೊಡೆಯುವುದು ಒಳ್ಳೆಯ ಕೆಲಸ. ಬೇಸಿಗೆಯಲ್ಲಿ ಒಣಗಿದ ಎರೆಗೆ ಅದನ್ನೇ ಮಾಡಿ ನಾನು ಉಬ್ಬುವ ಶಕ್ತಿಯನ್ನು ಕೂಡಿಟ್ಟೆ, ಮೇಲಿನ ಉಸುಕು ಅದಕ್ಕೆ ನೀರು ಒದಗಿಸಿತು.

ದಪ್ಪ ಹೆಚ್ಚಿಸಿದರೆ ತಡೆಯುತ್ತದೆ ಎಂದು ನೀವು ಎಣಿಸಿದ್ದೀರಲ್ಲ, ಅದರ ಲೆಕ್ಕವನ್ನೂ ನೋಡಿ. 6 ಇಂಚು ದಪ್ಪದ ಕಾಂಕ್ರೀಟ್ ಒಂದು ಚದರ ಮೀಟರಿಗೆ ಸುಮಾರು 360 ಕಿಲೋ ತೂಗುತ್ತದೆ. ಚೆನ್ನಾಗಿ ಉಬ್ಬುವ ಎರೆ ಅದೇ ಒಂದು ಚದರ ಮೀಟರಿನಲ್ಲಿ 10 ಟನ್ನಿಗೂ ಮೀರಿದ ಒತ್ತಡದಿಂದ ಮೇಲಕ್ಕೆ ತಳ್ಳಬಲ್ಲದು. ನೀವು ಹೇಳಿದ, ಕಬ್ಬಿಣದ ಜಾಳಿಗೆ ಹಾಕಿದ 2 ಇಂಚಿನ ಪದರವಾದರೂ ಕೆಳಗಿನ ಹಳೆಯ ಹಲಗೆ ಕದಲಿದಂತೆಲ್ಲ ಅದೇ ಜಾಗದಲ್ಲಿ ಸೀಳುತ್ತದೆ. ಜಾಳಿಗೆಯು ಬಿರುಕಿನ ಎರಡು ದಂಡೆಗಳನ್ನು ಹಿಡಿದಿಡುತ್ತದೆಯೇ ಹೊರತು ನೆಲ ಏಳುವುದನ್ನು ನಿಲ್ಲಿಸುವುದಿಲ್ಲ.

ಆ ಮನೆಯ ದಾರಿಯನ್ನು ಪೂರ್ತಿಯಾಗಿ ನನ್ನ ಖರ್ಚಿನಲ್ಲೇ ಮತ್ತೆ ಹಾಕಿಕೊಟ್ಟೆ. ಆ ಓಣಿಯಲ್ಲಿ ಮಾತಾಗಿದ್ದ ಉಳಿದ ಕೆಲಸಗಳು ಅಷ್ಟರಲ್ಲಿ ಬೇರೆಯವರ ಪಾಲಾಗಿದ್ದವು. ಎರಡನೆಯ ಸಲ ಹಾಕುವ ಮೊದಲು ನೀರಾವರಿ ಕಾಲುವೆ ಕೆಲಸದಲ್ಲಿ ದುಡಿದು ನಿವೃತ್ತರಾದ ಎಂಜಿನಿಯರೊಬ್ಬರನ್ನು ಕೇಳಿದೆ. ಮಲಪ್ರಭಾ ಯೋಜನೆಯ ಕಾಲುವೆಗಳು ಎರೆ ನೆಲದಲ್ಲಿ ಹಾಯುವಾಗ ಇದೇ ತೊಂದರೆ ಎದುರಾಗಿತ್ತೆಂದೂ, ಐಐಟಿ ಬಾಂಬೆಯ ಪ್ರೊಫೆಸರ್ ಆರ್. ಕೆ. ಕಟ್ಟಿಯವರು ಅದನ್ನು ಅಧ್ಯಯನ ಮಾಡಿ, ಉಬ್ಬದ ಆದರೆ ಅಂಟುಗುಣವಿರುವ ಮಣ್ಣಿನ ಪದರವನ್ನು ಎರೆಯ ಮೇಲೆ ಹಾಕುವ ವಿಧಾನವನ್ನು ರೂಪಿಸಿದರೆಂದೂ ಅವರು ವಿವರಿಸಿದರು. ನಮ್ಮ ನಿತ್ಯದ ಭಾಷೆಯಲ್ಲಿ ಅದು ಒಳ್ಳೆಯ ಗರಸು, ಅಂದರೆ ಮುರಂ. ಕಾಲುವೆಗೆ ಸುಮಾರು ಒಂದು ಮೀಟರಿನಷ್ಟು ಪದರ ಬೇಕಾಗುತ್ತದೆ. ಜನ ನಡೆದಾಡುವ ದಾರಿಗೆ ಅಷ್ಟು ಖರ್ಚು ಯಾರೂ ಮಾಡಲಾರರು. ಒಂದೂವರೆ ಅಡಿ ಗರಸು ಹಾಕಿ, ನೀರನ್ನು ದೂರ ಇಟ್ಟರೆ ಉಳಿಯುವ ಅಲ್ಪ ಚಲನೆಯನ್ನು ಕಾಂಕ್ರೀಟಿನಲ್ಲಿ ಬಿಡುವ ಸಂದುಗಳು ತಾಳಿಕೊಳ್ಳುತ್ತವೆ ಎಂಬುದು ಆಮೇಲೆ ನಾನು ಮಾಡಿಸಿದ ಕೆಲಸಗಳಿಂದ ಕಂಡುಕೊಂಡದ್ದು.

ಈಗ ನಿಮ್ಮ ಮನೆಯ ವಿಷಯ. ಮೊದಲು ಪಾತಿಯನ್ನು ಅಲ್ಲಿಂದ ತೆಗೆಯಿರಿ. ದಿನಾ ಕೊಡ ನೀರು ಹಾಕುವ ಗಿಡಗಳು ದಾರಿಯ ಅಂಚಿಗೇ ಇದ್ದರೆ ಆ ಮಗ್ಗುಲು ವರ್ಷವಿಡೀ ಉಬ್ಬಿಯೇ ಇರುತ್ತದೆ, ಬಿಸಿಲು ಬೀಳುವ ಇನ್ನೊಂದು ಮಗ್ಗುಲು ಬೇಸಿಗೆಯಲ್ಲಿ ಕುಗ್ಗಿ ಕುಸಿಯುತ್ತದೆ, ನಡುವೆ ಕಾಂಕ್ರೀಟ್ ಸೀಳದೆ ಬೇರೆ ದಾರಿಯೇ ಇಲ್ಲ. ಮಲ್ಲಿಗೆಯನ್ನು ಐದಾರು ಅಡಿ ಆಚೆ ನೆಡಬಹುದು. ಕರಿಬೇವು ದೊಡ್ಡದಾಗಿದ್ದರೆ ಅದರ ಬೇರುಗಳೂ ಬೇಸಿಗೆಯಲ್ಲಿ ಮಣ್ಣಿನ ತೇವವನ್ನು ಹೀರುತ್ತವೆ, ಆದ್ದರಿಂದ ದಾರಿಯ ಬುಡದಲ್ಲಿ ಅದೂ ಬೇಡ. ಆಮೇಲೆ ಮಾಳಿಗೆಯ ಮಳೆನೀರಿನ ಪೈಪು ಎಲ್ಲಿ ಬೀಳುತ್ತದೆ, ಬಚ್ಚಲ ನೀರಿನ ಚೇಂಬರ್ ಸೋರುತ್ತಿದೆಯೇ, ನಳದ ಪೈಪು ದಾರಿಯ ಅಡಿಯಲ್ಲಿ ಹಾದಿದೆಯೇ ಎಂದು ನೋಡಿ. ಇವುಗಳನ್ನು ಸರಿಪಡಿಸದೆ ಕಾಂಕ್ರೀಟಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ.

ನೀರನ್ನು ಸರಿಪಡಿಸಿದ ಮೇಲೆ ಒಂದು ಮಳೆಗಾಲ ಕಾಯಿರಿ. ಆ ಅವಧಿಯಲ್ಲಿ ಬಿರುಕನ್ನು ಸಿಮೆಂಟ್ ನೀರಿನಿಂದ ತುಂಬಿಸಬೇಡಿ, ಅದು ಗಡುಸಾಗಿ ಒಡೆದು ಹೋಗುತ್ತದೆ. ಪಾಲಿಯುರೆಥೇನ್ ಸೀಲಂಟ್ ಎಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಒಣಗಿದ ಮೇಲೂ ರಬ್ಬರಿನಂತೆ ಹಿಗ್ಗುವ ಸಾಮಗ್ರಿಯನ್ನು ತುಂಬಿ, ಮೇಲಿನ ನೀರು ಒಳಗಿಳಿಯದಂತೆ ಮಾಡಿದರೆ ಸಾಕು. ಎದ್ದ ಮಗ್ಗುಲು ತಾನಾಗಿ ಇಳಿಯತೊಡಗಿದರೆ, ಕಾಲಿಗೆ ಎಡವದಷ್ಟು ಮಟ್ಟವಾದರೆ, ಒಡೆಯುವ ಅಗತ್ಯವೇ ಬರಲಿಕ್ಕಿಲ್ಲ. ಇಳಿಯದಿದ್ದರೆ ಒಡೆದು ಹೊಸದಾಗಿ ಹಾಕಿ, ದಪ್ಪ 4 ಇಂಚೇ ಇರಲಿ.

ಹೊಸದಾಗಿ ಹಾಕುವುದಾದರೆ ಹಣ ಹೋಗಬೇಕಾದದ್ದು ಕೆಳಗಿನ ಪದರಕ್ಕೆ. ದಾರಿಯ ಅಗಲಕ್ಕಿಂತ ಎರಡೂ ಬದಿಗೆ ಕನಿಷ್ಠ ಅರ್ಧ ಅಡಿ ಹೆಚ್ಚು ಅಗೆಸಿ, ಒಂದೂವರೆ ಅಡಿ ಆಳದ ಎರೆಯನ್ನು ಹೊರಹಾಕಿಸಿ. ನಿಮ್ಮ ಅಳತೆಗೆ ಕುಟ್ಟಿದ ಮೇಲೆ 3 ಬ್ರಾಸ್ (ಒಂದು ಬ್ರಾಸ್ ಎಂದರೆ 100 ಘನ ಅಡಿ) ಗರಸು ಉಳಿಯಬೇಕು, ಆದ್ದರಿಂದ ತರಿಸುವಾಗ 4 ಬ್ರಾಸ್ ಹೇಳಿ. ಗರಸನ್ನು ಅರ್ಧರ್ಧ ಅಡಿಯ ಪದರಗಳಲ್ಲಿ ಹದವಾಗಿ ನೀರು ಚಿಮುಕಿಸಿ ಕುಟ್ಟಿಸಬೇಕು. ಟ್ರ್ಯಾಕ್ಟರಿನಲ್ಲಿ ಬರುವ ಗರಸಿನಲ್ಲಿ ಹಲವು ಸಲ ಎರೆ ಬೆರೆತಿರುತ್ತದೆ, ಆದ್ದರಿಂದ ಇಳಿಸುವ ಮೊದಲೇ ಪರೀಕ್ಷಿಸಿ. ಅದರ ನಯವಾದ ಪುಡಿಯನ್ನು ಸೋಸಿ, ಒಂದೇ ಅಳತೆಯಷ್ಟನ್ನು ಎರಡು ಗಾಜಿನ ಲೋಟಗಳಿಗೆ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಕಲಕಿ, ಒಂದು ದಿನ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನ ಲೋಟದಲ್ಲಿ ಕೆಳಗೆ ಕುಳಿತ ಮಣ್ಣು ಸೀಮೆಎಣ್ಣೆಯ ಲೋಟದ್ದಕ್ಕಿಂತ ಕಣ್ಣಿಗೆ ಕಾಣುವಷ್ಟು ಎತ್ತರವಾಗಿದ್ದರೆ ಆ ಗರಸನ್ನು ವಾಪಸು ಕಳಿಸಿ. ಪ್ರಯೋಗಾಲಯಗಳಲ್ಲಿ ಮಾಡುವ ಉಬ್ಬುವಿಕೆಯ ಪರೀಕ್ಷೆಯ ತತ್ತ್ವವೂ ಇದೇ.

ಕಾಂಕ್ರೀಟ್ ಕೆಲಸದಲ್ಲಿ ಎರಡು ವಿಷಯ ಬಿಡಬೇಡಿ. 40 ಅಡಿಯನ್ನು ಒಂದೇ ಪಟ್ಟಿಯಾಗಿ ಬಿಡದೆ, ನಾಲ್ಕು ನಾಲ್ಕು ಅಡಿಗೆ ಒಂದು ಇಂಚು ಆಳದ ಗೀರು ಕೊಯ್ಯಿಸಿ. ಮರುದಿನ ಮಧ್ಯಾಹ್ನಕ್ಕೆ ಬಿಟ್ಟರೆ ತಡವಾಗುತ್ತದೆ, ಗೀರಿಗಿಂತ ಮೊದಲೇ ಬಿರುಕು ತನ್ನ ದಾರಿ ಹಿಡಿದಿರುತ್ತದೆ. ಮನೆಯ ಗೋಡೆಗೆ ಮತ್ತು ಮೆಟ್ಟಿಲಿಗೆ ತಾಗುವಲ್ಲಿ ಅರ್ಧ ಇಂಚಿನ ಥರ್ಮೋಕೋಲ್ ಹಾಳೆ ನಿಲ್ಲಿಸಿ ಬೇರ್ಪಡಿಸಿ, ಅಡಿಗೆ ಕಾಲು ಇಂಚಿನಂತೆ ಮನೆಯಿಂದ ಆಚೆಗೆ ಇಳಿಜಾರು ಕೊಡಿ. ಇನ್ನೊಂದು, 50 ಕಿಲೋ ಚೀಲಕ್ಕೆ 25ರಿಂದ 27 ಲೀಟರಿಗಿಂತ ಹೆಚ್ಚು ನೀರು ಸೇರದಂತೆ ನೀವೇ ಹತ್ತಿರ ನಿಲ್ಲಿರಿ. ಉಸುಕು ಹಸಿಯಿದ್ದರೆ ಇನ್ನೂ ಕಡಿಮೆ ಸಾಕು.

ಕ್ಯೂರಿಂಗ್ ಬಗ್ಗೆ ನನ್ನ ಅಭಿಪ್ರಾಯ ಸುತ್ತಲಿನ ರೂಢಿಗೆ ಒಪ್ಪುವುದಿಲ್ಲ. ನಮ್ಮಲ್ಲಿ ಮಣ್ಣಿನ ಒಡ್ಡು ಕಟ್ಟಿ ನೀರು ನಿಲ್ಲಿಸುತ್ತಾರೆ. ಮಾಳಿಗೆಗೆ ಅದು ಸರಿ, ಎರೆ ನೆಲದ ಮೇಲಿನ ದಾರಿಗೆ ಖಂಡಿತ ಬೇಡ, ಏಕೆಂದರೆ ಒಡ್ಡಿನಿಂದ ಸೋರಿದ ನೀರೆಲ್ಲ ಅಂಚಿನ ಎರೆಗೇ ಇಳಿಯುತ್ತದೆ. ಹಸಿ ಗೋಣಿ ಚೀಲ ಹಾಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಚೀಲ ಒಣಗದಷ್ಟು ಮಾತ್ರ ನೀರು ಚಿಮುಕಿಸಿ. ಭಾರತೀಯ ಮಾನಕ ಸಂಹಿತೆ ಐಎಸ್ 456 ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ ಹೇಳಿದರೂ, ಒಣ ಬಿಸಿಲಿನ ಪ್ರದೇಶಕ್ಕೆ 10 ದಿನ, ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟಿಗೆ ಅಂಥ ಹವೆಯಲ್ಲಿ 14 ದಿನ ಎನ್ನುತ್ತದೆ. ಅಂಗಡಿಗಳಲ್ಲಿ ಈಗ ಸಿಗುವುದು ಬಹುತೇಕ ಪಿಪಿಸಿಯೇ ಆದ್ದರಿಂದ 14 ಎಂದೇ ಹಿಡಿಯಿರಿ.

ಪೇವರ್, ಅಂದರೆ ಸಿಮೆಂಟಿನ ಹಾಸುಬಿಲ್ಲೆಗಳನ್ನು ಹಾಕಲೇ ಎಂದೂ ಕೇಳಿದ್ದೀರಿ. ಅವುಗಳನ್ನು ಎತ್ತಿ ಮತ್ತೆ ಕೂಡಿಸಬಹುದು ಎಂಬುದು ನಿಜ, ಆದರೆ ಸಂದುಗಳಲ್ಲಿ ನೀರು ಇಳಿಯುತ್ತದೆ. ಗರಸಿನ ಪದರವಿಲ್ಲದೆ ಅವೂ ಎರೆಯ ಮೇಲೆ ಏರಿಳಿಯುತ್ತವೆ.

ಈ ಬೇಸಿಗೆಯಲ್ಲೇ ಮುಗಿಸಬೇಕೆಂದು ಬರೆದಿದ್ದೀರಿ, ಅದು ಬೇಡ. ಏಪ್ರಿಲ್ ಮೇ ತಿಂಗಳುಗಳಲ್ಲಿ ಎರೆ ಅತಿ ಹೆಚ್ಚು ಕುಗ್ಗಿರುತ್ತದೆ, ಬಿಸಿ ಗಾಳಿಗೆ ಹಸಿ ಕಾಂಕ್ರೀಟಿನ ಮೇಲ್ಮೈಯೂ ಗಂಟೆಯೊಳಗೆ ಬಿರಿಯತೊಡಗುತ್ತದೆ. ಈಗ ಪಾತಿಯನ್ನು ಸ್ಥಳಾಂತರಿಸಿ, ಪೈಪುಗಳನ್ನು ಸರಿಪಡಿಸಿ, ಬಿರುಕಿಗೆ ಸೀಲಂಟ್ ತುಂಬಿ. ದೀಪಾವಳಿ ಮುಗಿದು, ಅಗೆದ ಎರೆ ಕೈಗೆ ಅಂಟದೆ, ಹೆಂಟೆಯೂ ಆಗದೆ, ಉಂಡೆ ಕಟ್ಟುವ ಹದಕ್ಕೆ ಬಂದಾಗ ಗೌಂಡಿಯನ್ನು ಕರೆಸಿ. ಆ ಹೊತ್ತಿಗೆ ಎದ್ದ ಮಗ್ಗುಲು ಎಷ್ಟು ಇಳಿದಿದೆ ಎಂಬುದೂ ತಿಳಿದಿರುತ್ತದೆ.